ಏಳನೆಯ ಗಾಜು

"ಏಳನೇದು ಇನ್ನೊಂದ್ಸಲ ಎಣಿಸು," ಎಂದರು ಪಾಕ್ ಸುಬಾಗ್ಯೋ. ಇದು ಮೂರನೆಯ ಸಲ.

ಪುರ್ವಂತಿ ಸೂಕ್ಷ್ಮದರ್ಶಕದಿಂದ ತಲೆ ಎತ್ತಲಿಲ್ಲ. ತನ್ನನ್ನು ಸಿಕ್ಕಿಹಾಕಿಸಲು ನೋಡುತ್ತಿದ್ದಾರೆ ಎಂಬ ಅನುಮಾನ ಅವಳಿಗೆ ಬೆಳಗ್ಗೆಯೇ ಹುಟ್ಟಿತ್ತು. ಒಂಬತ್ತು ಗಾಜುಗಳು, ಒಂಬತ್ತರಲ್ಲೂ ಸಣ್ಣ ಈರುಳ್ಳಿಯ ಬೇರಿನ ತುದಿ. ಹೆಸರಿಲ್ಲ, ಬರೀ ಸಂಖ್ಯೆ. ಯಾವುದು ಎಲ್ಲಿಯದೆಂದು ಎಣಿಸುವವರಿಗೆ ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಅದು ವಿಭಾಗದ ಕಟ್ಟುಪಾಡು. ಸಂಖ್ಯೆಗಳ ಗುಟ್ಟು, ಎಲ್ಲರೂ 'ಪಾಕ್', ಅಂದರೆ ಸಾರ್, ಎಂದು ಕರೆಯುವ ಮುಖ್ಯಸ್ಥ ಸುಬಾಗ್ಯೋ ಒಬ್ಬರಿಗೇ ಗೊತ್ತು.

ಎಂಟು ಗಾಜುಗಳಲ್ಲಿ ವರ್ಣತಂತುಗಳು ನೆಟ್ಟಗಿದ್ದವು. ಏಳನೆಯದರಲ್ಲಿ ಮಾತ್ರ ಇನ್ನೂರು ಕೋಶಗಳಿಗೆ ಹತ್ತೊಂಬತ್ತರಲ್ಲಿ ಮುರಿದ ತುಂಡುಗಳು. ವಿಕಿರಣ ತಗುಲಿದ ಬೇರು ಹೀಗೆಯೇ ಕಾಣುತ್ತದೆ. ಆದರೆ ಒಂಬತ್ತರಲ್ಲಿ ಒಂದೂ ವಿಕಿರಣದ ಕೋಣೆಗೆ ಹೋಗಿಲ್ಲವೆಂದು ಅವರೇ ಹೇಳಿದ್ದರು.

"ಹತ್ತೊಂಬತ್ತೇ, ಪಾಕ್."

"ಬಸುರಿ ಕಣ್ಣು. ಮಂಪರಲ್ಲಿ ಒಂದು ಎರಡಾಗಿ ಕಾಣ್ತಿರ್ಬೇಕು."

"ಮಂಪರಾಗಿದ್ರೆ ಒಂಬತ್ತರಲ್ಲೂ ಹಾಗೇ ಕಾಣ್ಬೇಕಿತ್ತಲ್ವಾ, ಪಾಕ್?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವಳದು ವರ್ಷವರ್ಷ ಅವರ ಸಹಿ ಬೇಡುವ ಗುತ್ತಿಗೆಯ ಕೆಲಸ. ಸುಬಾಗ್ಯೋ ಬೈಯಲಿಲ್ಲ. ಗಾಜನ್ನು ತೆಗೆದು ಕಿಸೆಗೆ ಹಾಕಿಕೊಂಡು ಹೊರಟುಹೋದರು. ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು.

ಮದುವೆಯಾಗಿ ಒಂಬತ್ತು ವರ್ಷ ಕಾದು ಪಡೆದ ಬಸಿರು ಅದು. ಈಗ ಆರು ತಿಂಗಳು. ಮಗುವೊಂದು ಸುಸೂತ್ರವಾಗಿ ಮಡಿಲಿಗೆ ಬಂದರೆ ಸಾಕು, ಅವಳಿಗೆ ಬೇರೇನೂ ಬೇಡ. ಸುದ್ದಿ ತಿಳಿದ ದಿನದಿಂದ ವಿಕಿರಣದ ಕೋಣೆಯ ಬಾಗಿಲಿನತ್ತ ಅವಳು ಹೆಜ್ಜೆ ಇಟ್ಟಿರಲಿಲ್ಲ. ಬಸುರಿಗೆ ಕೆಟ್ಟದ್ದೇನೂ ತಾಗದಿರಲೆಂದು ಅತ್ತೆ ಒಳಂಗಿಗೆ ಪಿನ್ನು ಚುಚ್ಚಿ ಸಿಕ್ಕಿಸಿದ್ದ ಬೆಳ್ಳುಳ್ಳಿ ಎಸಳನ್ನೂ ತೆಗೆದಿರಲಿಲ್ಲ.

"ಮೇಜಿನ ಮೇಲೆ ಈರುಳ್ಳಿ, ಎದೆಯೊಳಗೆ ಬೆಳ್ಳುಳ್ಳಿ," ಎಂದು ಕಸ ಗುಡಿಸುವ ತುಕಿನೆಮ್ ಮುದುಕಿ ನಕ್ಕಳು. "ಇನ್ನು ಎಣ್ಣೆ ಕಾಯ್ಸೋದೊಂದೇ ಬಾಕಿ ನಿಂಗೆ!"

"ಅಜ್ಜಿ, ಪಾಕ್ ನನ್ನ ಕೆಲ್ಸದಿಂದ ತೆಗೀತಾರೇನೋ."

"ಬಿಡೇ. ಆವತ್ತು ಭೂಮಿ ಅಲ್ಲಾಡಿದಾಗಿಂದ ಅವರ ತಲೇನೇ ನೆಟ್ಟಗಿಲ್ಲ. ಗಡಿಯಾರ, ಚಹಾ ಕಪ್ಪು, ವಿಕಿರಣ ಅಳೆಯೋ ಆ ಟಿಕ್‌ಟಿಕ್ ಯಂತ್ರ, ಎಲ್ಲಾ ಬಿದ್ದು ಒಡೆದ್ವು, ಗುಡಿಸಿದ್ದು ನಾನು. ಯಂತ್ರ ರಿಪೇರಿಗೆ ಕಳ್ಸಿ ಅಂದ್ರೆ, 'ತಪಾಸಣೆ ಮುಗೀಲಿ, ಬಾಯ್ಮುಚ್ಚು' ಅಂತಾರೆ. ಕ್ಯಾಲೆಂಡರ್ ಬೆನ್ನ ಮೇಲೆ ಟಿಪ್ಪಣಿ ಬರೆಯೋ ಜಿಪುಣ! ಯಂತ್ರಕ್ಕೆ ಖರ್ಚು ಮಾಡ್ತಾರಾ?"

ಸುಬಾಗ್ಯೋ ಹೆಸರು ಸಂಶೋಧನಾ ಕೇಂದ್ರದ ನಿರ್ದೇಶಕ ಸ್ಥಾನಕ್ಕೆ ಹೋಗಿತ್ತು. ತಪಾಸಣೆಗೆ ಎರಡು ತಿಂಗಳಿತ್ತು. ಆಗ ಒಂದು ಕೊಂಕೂ ಕಾಣಬಾರದೆಂದು ಅವರು ಹಠ ಹಿಡಿದಿದ್ದರು.

ಮರುದಿನ ಕರೆ ಬಂತು. ಪುರ್ವಂತಿ ಎದೆ ಗಟ್ಟಿಮಾಡಿಕೊಂಡು ಅವರ ಕೋಣೆಗೆ ಹೋದಳು. ಕಡತಗಳನ್ನೆಲ್ಲ ಕಟ್ಟಿಟ್ಟಿದ್ದರು. ಅವರು ಮಾತ್ರ ಹೊಸ್ತಿಲಲ್ಲೇ ನಿಂತಿದ್ದರು.

"ಇವತ್ತಿಂದ ಇದು ನಿನ್ನ ಕೋಣೆ."

ಅವಳು ಕಣ್ಣು ಕಣ್ಣು ಬಿಟ್ಟಳು. ಕಟ್ಟಡದಲ್ಲಿ ಅದೊಂದೇ ತಂಪು ಕೋಣೆ. ಹಿಂಗೋಡೆ ತೋಳುದ್ದ ದಪ್ಪ. ಗೋಡೆಗೆ ಒತ್ತಿ ಮೆತ್ತನೆಯ ಸೋಫಾ, ಅದರ ಮೇಲೆ ಕೆಳಮಟ್ಟಕ್ಕೆ ತೂಗಿಸಿದ ದೊಡ್ಡ ಕ್ಯಾಲೆಂಡರ್.

"ನೀವೆಲ್ಲಿ ಕೂರ್ತೀರಿ, ಪಾಕ್?"

"ಅಂಗಳದಾಚೆ ಉಗ್ರಾಣ ಇದೆಯಲ್ಲ."

"ಅಯ್ಯೋ! ಅಲ್ಲಿ ಸೊಳ್ಳೆ, ಸೆಕೆ. ನಂಗೆ ಬೇಡ ಪಾಕ್, ಸಂಕೋಚ ಆಗುತ್ತೆ."

"ಖಾಲಿ ಬಿಟ್ರೆ ನಾಲ್ಕು ಜನ ಯಾಕೆ ಅಂತ ಕೇಳ್ತಾರೆ. ನೀನು ಕೂತ್ರೆ ಯಾರೂ ಕೇಳಲ್ಲ. ಬಸುರಿ, ಗೋಡೆಗೆ ಒರಗಿ ಕಾಲು ಚಾಚ್ಕೋ."

ಪುರ್ವಂತಿ ಬಗ್ಗಿ ಅವರ ಕೈ ಹಿಡಿದು ಹಣೆಗೊತ್ತಿಕೊಂಡಳು. ಕಣ್ಣು ತುಂಬಿತ್ತು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತೆಂದುಕೊಂಡಳು. ಇಂಥ ದೊಡ್ಡ ಮನುಷ್ಯನ ಮೇಲೆ ಅನುಮಾನ ಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಬೈಯುತ್ತಿದ್ದ ತುಕಿನೆಮ್ ಕೂಡ ಅಂದಿನಿಂದ ಅವರ ಉಗ್ರಾಣಕ್ಕೆ ಕರೆಯದೆಯೇ ಚಹಾ ಒಯ್ಯತೊಡಗಿದಳು.

ಮೂರು ವಾರ ಪುರ್ವಂತಿ ಆ ಸೋಫಾದಲ್ಲೇ ಒರಗಿ ಕೆಲಸ ಮಾಡಿದಳು. ನಿಂತಿದ್ದ ವಾಂತಿ ಮತ್ತೆ ಶುರುವಾಯಿತು. ಒದೆಯುತ್ತಿದ್ದ ಮಗು ಎರಡು ದಿನದಿಂದ ಸುಮ್ಮನಿತ್ತು. "ಒಳ್ಳೇ ಮಗು ಕಣೆ. ಅಪ್ಪನ ಹಾಗೇ, ಗಲಾಟೆ ಇಲ್ಲ," ಎಂದರು ಅತ್ತೆ.

ಏಳನೆಯ ತಿಂಗಳ ಶಾಸ್ತ್ರಕ್ಕೆಂದು ತುಕಿನೆಮ್ ಆಫೀಸಿಗೇ ರುಜಾಕ್ ತಂದಳು: ಮಾವಿನಕಾಯಿ, ಅನಾನಸ್, ಖಾರ, ಬೆಲ್ಲ. ಸುಬಾಗ್ಯೋ ಎಳನೀರು ಕಳಿಸಿದ್ದರು; ತಾವು ಬರಲಿಲ್ಲ. ಆ ಕೋಣೆಗೆ ಅವರು ಮತ್ತೆ ಕಾಲಿಟ್ಟೇ ಇರಲಿಲ್ಲ.

"ರುಚಿಯಾಗಿದ್ರೆ ಹೆಣ್ಣು ಮಗು," ಎಂದಳು ತುಕಿನೆಮ್. "ಕೆಳಗೆ ಹಾಸೋಕೆ ಕಾಗದ ಕೊಡೇ, ರಸ ಸುರೀತಿದೆ."

ತಿಂಗಳು ಮುಗಿದಿತ್ತು. ಪುರ್ವಂತಿ ಕೈ ಚಾಚಿ ಕ್ಯಾಲೆಂಡರಿನ ಹಾಳೆ ಎಳೆದಳು. ಹಾಳೆಯ ಜತೆ ಮೊಳೆಯೂ ಕಿತ್ತು ಬಂತು, ಕ್ಯಾಲೆಂಡರ್ ಪೂರ್ತಿ ಸೋಫಾದ ಮೇಲೆ ಬಿತ್ತು. ಗೋಡೆಯಲ್ಲಿ ಬೆರಳು ಹೋಗುವಷ್ಟು ಅಗಲದ ಬಿರುಕು. ಅದರಾಚೆ ವಿಕಿರಣದ ಕೋಣೆ.

ಕೈಯಲ್ಲಿದ್ದ ಹಾಳೆಯನ್ನು ತಿರುವಿದಳು. ಸುಬಾಗ್ಯೋ ಅವರ ಸಣ್ಣ ಅಕ್ಷರ, ಪೆನ್ಸಿಲಿನಲ್ಲಿ. ಈರುಳ್ಳಿ ಇಟ್ಟ ಒಂಬತ್ತು ಜಾಗಗಳ ಪಟ್ಟಿ. ಮೂರು: ಅಂಗಳದಾಚೆಯ ಉಗ್ರಾಣ, ಶುದ್ಧ.

ಏಳು: ನನ್ನ ಕೋಣೆ, ಸೋಫಾ, ಇನ್ನೂರಕ್ಕೆ ಹತ್ತೊಂಬತ್ತು, ಪುರ್ವಂತಿ ಮೂರು ಸಲ ಎಣಿಸಿದ್ದಾಳೆ, ಅನುಮಾನವಿಲ್ಲ.