ಸಕ್ಕರೆಯಿಲ್ಲದ ಬುಟ್ಟಿ

ಬಿನೇತಾ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ಒಳಗೆಲ್ಲ ಕೈಯಾಡಿಸಿದಳು. ಖರ್ಜೂರವಿತ್ತು, ಹಾಲಿನ ಪುಡಿಯ ಡಬ್ಬವಿತ್ತು, ತಮ್ಮನ ಹೆಂಡತಿ ಆರಿಸಿ ತಂದಿದ್ದ ಹೊಳೆಯುವ ನೀಲಿ ಬಟ್ಟೆಯೂ ಇತ್ತು. ತಳದವರೆಗೆ ತಡಕಿ ಕೈ ಹೊರಗೆ ತೆಗೆದವಳು, ಅಂಗಳದ ಚಾಪೆಯ ಮೇಲೆ ಕೂತಿದ್ದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು:

"ಸಕ್ಕರೇನೇ ಇಲ್ಲ!"

ಉಪವಾಸದ ತಿಂಗಳಲ್ಲಿ ಸೊಸೆ ಅತ್ತೆಗೆ ತರುವ ಈ ಉಡುಗೊರೆಗೆ ರುಫಿಸ್ಕ್ ಊರಿನಲ್ಲಿ ಹೆಸರೇ 'ಉಪವಾಸದ ಸಕ್ಕರೆ'. ಬೇರೆ ಏನು ಮರೆತರೂ ನಡೆದೀತು. ಸಕ್ಕರೆ ಮರೆತವಳನ್ನು ಮಾತ್ರ ಮುಂದಿನ ಉಪವಾಸದವರೆಗೂ ಓಣಿ ಮರೆಯುವುದಿಲ್ಲ.

"ಯಾಕಮ್ಮಾ ರೊಖಾಯಾ, ನಮ್ಮಮ್ಮ ನಿಂಗೆ ಅಂಥಾ ಕಹಿ ಏನು ಮಾಡಿದ್ರು?" ಬಿನೇತಾ ಸೊಂಟಕ್ಕೆ ಕೈಯಿಟ್ಟಳು. "ನಿಮ್ಮ ತವರಲ್ಲಿ ಇದೇ ಪದ್ಧತೀನಾ?"

"ಮರೆತುಬಿಟ್ಟೆ ಅತ್ತಿಗೆ," ಎಂದಳು ರೊಖಾಯಾ.

ಅವಳು ಮರೆತಿರಲಿಲ್ಲ. ಉಪವಾಸ ಶುರುವಾಗುವ ಮುಂಚೆ, ಅತ್ತೆ ಸೈನಬುವಿನ ಕಾಲಿನ ಹುಣ್ಣು ಎಷ್ಟಕ್ಕೂ ಮಾಯದಿದ್ದಾಗ ಆಸ್ಪತ್ರೆಗೆ ಕರೆದೊಯ್ದವಳು ಅವಳೇ. ರಕ್ತ ನೋಡಿದ ಡಾಕ್ಟರು ಸಕ್ಕರೆ ಕಾಯಿಲೆ ಎಂದಾಗ ಸೈನಬು ಜಗಳಕ್ಕೇ ನಿಂತಿದ್ದಳು. "ಕಾಫಿಗೆ ಹಾಕ್ಕೊಳ್ಳೋದು ಬಿಟ್ರೆ ನಾನು ಸಿಹಿ ಮುಟ್ಟೋಳೇ ಅಲ್ಲ! ಯಾರದೋ ರಕ್ತ ನೋಡಿ ನಂಗೆ ಹೇಳ್ತಿದೀರಿ." ಹೊರಗೆ ಬಂದ ಮೇಲೆ ಸೊಸೆಯ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳು. ಮಗನಿಗೂ ಗೊತ್ತಾಗಬಾರದು, ಮಗಳು ಬಿನೇತಾಗಂತೂ ಗೊತ್ತಾಗಲೇಬಾರದು.

ಅದಕ್ಕೆ ಕಾರಣವಿತ್ತು. ಕದ್ದು ಸಕ್ಕರೆ ತಿನ್ನುವವರಿಗೇ ಆ ಕಾಯಿಲೆ ಬರುವುದೆಂದು ಓಣಿಯ ನಂಬಿಕೆ. ಹಿಂದೆ ಪಕ್ಕದ ಮನೆಯ ಕೋದುವಿಗೆ ಬಂದಾಗ, "ಕೋದು ಸಕ್ಕರೆ ಡಬ್ಬಾನೇ ದಿಂಬು ಮಾಡ್ಕೊಂಡು ಮಲಗ್ತಾಳೆ" ಎಂದು ನಲ್ಲಿಯ ಹತ್ತಿರ ಎಲ್ಲರನ್ನೂ ನಗಿಸಿದವಳು ಸೈನಬುವೇ. ಮಾತು ಕೋದುವಿನ ಕಿವಿಗೂ ಬಿದ್ದಿತ್ತು. ಈಗ ಆ ಕೋದುವೂ ಚಾಪೆಯ ತುದಿಯಲ್ಲಿ ಕೂತಿದ್ದಳು.

ಮಸೀದಿಯಿಂದ ಸಂಜೆಯ ಬಾಂಗು ಕೇಳಿತು. ಎಲ್ಲರ ಕೈಗಳೂ ಖರ್ಜೂರದ ತಟ್ಟೆಗೆ ಹೋದವು. "ಇರಲಿ ಬಿಡಮ್ಮ, ನಾನು ತಂದಿದೀನಲ್ಲ," ಎಂದು ಬಿನೇತಾ ತಾಯಿಯ ಕಾಫಿಗೆ ಸಕ್ಕರೆಯ ತುಂಡುಗಳನ್ನು ಒಂದರ ಹಿಂದೊಂದು ಬಿಟ್ಟಳು. "ದಿನವಿಡೀ ಹಸಿದ ಮೈಗೆ ಸಕ್ಕರೇನೇ ಶಕ್ತಿ. ಇದನ್ನ ತಿಳಿಯೋಕೂ ಕೆಲವರಿಗೆ ಯೋಗ್ಯತೆ ಬೇಕು."

ಸೈನಬು ಲೋಟ ಕೈಗೆ ತೆಗೆದುಕೊಂಡಳು. ಸೊಸೆಯ ಕಡೆ ನೋಡಲಿಲ್ಲ. ನಸುಕಿನಲ್ಲೇ ಬೇವಿನ ಕಷಾಯ ಕುಡಿದಾಗಿದೆ, ಕಹಿ ಹೋದ ಹೊಟ್ಟೆಯಲ್ಲಿ ಸಿಹಿ ನಿಲ್ಲುವುದಿಲ್ಲವಂತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಲೋಟವನ್ನು ತುಟಿಯ ಹತ್ತಿರ ತಂದಳು.

ರೊಖಾಯಾ ಒಂದೇ ನೆಗೆತಕ್ಕೆ ಬಂದು ಲೋಟ ಕಿತ್ತುಕೊಂಡಳು. ಎಲ್ಲಿ ಇಡುವುದೆಂದು ತೋಚದೆ, ಕುದಿಯುತ್ತಿದ್ದ ಕಾಫಿಯನ್ನು ತಾನೇ ಗಟಗಟ ಕುಡಿದುಬಿಟ್ಟಳು.

ಯಾರೋ "ಅಲ್ಲಾ!" ಎಂದರು. ಬಿನೇತಾಳ ದನಿ ಮೂರು ಮನೆಗೆ ಕೇಳಿಸಿತು. "ಅತ್ತೆ ಬಾಯಿಂದ ಕಿತ್ಕೊಂಡು ಕುಡಿಯೋ ಸೊಸೇನ ಈ ಊರು ಕಂಡಿರಲಿಲ್ಲ! ಈಗಲೇ ತಮ್ಮನಿಗೆ ಹೇಳ್ತೀನಿ. ಈ ಮನೆಗೆ ಇವಳು ಬರಬೇಕು, ಇಲ್ಲಾ ನಾನು ಬರಬೇಕು." ಅವಳು ಆಗಲೇ ಫೋನು ಒತ್ತುತ್ತಿದ್ದಳು.

ರೊಖಾಯಾಳ ಕಣ್ಣಲ್ಲಿ ನೀರು ತುಂಬಿತ್ತು. ಕಾಫಿಯ ಬಿಸಿಗೋ ಮಾತಿನ ಬಿಸಿಗೋ ತಿಳಿಯುವಂತಿರಲಿಲ್ಲ. "ತಪ್ಪಾಯ್ತು," ಎಂದಳು, ಅಷ್ಟೆ.

ಸೈನಬು ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ಬಿನೇತಾ, ಫೋನು ಕೆಳಗಿಡು."

"ಅಲ್ಲಮ್ಮಾ, ಇವಳು..."

"ಇಡು ಅಂದೆ. ನಂಗೆ ಸಕ್ಕರೆ ಕಾಯಿಲೆ ಇದೆ." ಅಂಗಳದ ಮರಳಿನ ಮೇಲೆ ಕಣ್ಣಿಟ್ಟು ಮುಂದುವರಿಸಿದಳು. "ಯಾರಿಗೂ ಹೇಳಬೇಡ ಅಂತ ನಾನೇ ಆಣೆ ಹಾಕಿಸಿದ್ದೆ. ಪಾಪದ್ದು, ನಾಲಗೆ ಸುಟ್ಕೊಂಡಿತೇ ಹೊರತು ಬಿಚ್ಚಲಿಲ್ಲ."

ಬಿನೇತಾ ಫೋನು ಕೆಳಗಿಟ್ಟು ತಾಯಿಯ ಪಕ್ಕ ಬಂದು ಕೂತಳು. ಸಣ್ಣ ದನಿಯಲ್ಲಿ ಕೇಳಿದಳು: "ಅಮ್ಮಾ, ನೀನು ಕದ್ದು ತಿಂತಿದ್ಯಾ?"

ಚಾಪೆಯ ತುದಿಯಿಂದ ಕೋದು ಗೊಳ್ಳನೆ ನಕ್ಕಳು. "ಕದ್ದು ತಿಂದ್ರೆ ಬರೋ ಹಾಗಿದ್ರೆ ಮೊದಲು ನಿನ್ನ ಮಕ್ಕಳಿಗೆ ಬರಬೇಕಿತ್ತು ಕಣೇ. ನಂಗೆ ಬಂದದ್ದು ನಮ್ಮಮ್ಮನಿಂದ. ಅವಳ ಅಮ್ಮನಿಗೂ ಇತ್ತಂತೆ."

ಅಷ್ಟು ಹೇಳಿ ಎದ್ದು ತನ್ನ ಮನೆಗೆ ನಡೆದುಬಿಟ್ಟಳು. ಹಳೆಯ ಸೇಡು ತೀರಿಸಿಕೊಂಡಳೆಂದೇ ಸೈನಬು ತಲೆ ತಗ್ಗಿಸಿದಳು. ಆದರೆ ಕೋದು ಕೈಯಲ್ಲೊಂದು ಮಸಿ ಹಿಡಿದ ಚಹಾದ ಕೆಟಲು ಹಿಡಿದು ಮರಳಿ ಬಂದಳು. ಸೈನಬುವಿನ ಎದುರಿಗೇ ಕೂತು ಲೋಟಕ್ಕೆ ಬಗ್ಗಿಸಿದಳು.

"ಸಕ್ಕರೆ ಹಾಕಿಲ್ಲ. ಕುಡಿ."

ಸೈನಬು ಒಂದು ಗುಟುಕು ಕುಡಿದಳು. ಮುಖ ಹಿಂಡಿದ ನಿಂಬೆಹಣ್ಣಾಯಿತು.

"ಥೂ! ಇಷ್ಟು ವರ್ಷ ಇದನ್ನ ಹೆಂಗೆ ಕುಡಿದ್ಯೇ ಕೋದು?"

"ಒಂದೊಂದು ಗುಟುಕಿಗೂ ನಿನ್ನ ಬೈಕೊಂಡು," ಎಂದಳು ಕೋದು, ತನ್ನ ಲೋಟ ತುಂಬಿಸಿಕೊಳ್ಳುತ್ತ. "ಸಿಹಿಯಾಗೇ ಇರ್ತಿತ್ತು."