ಪಕ್ಕದ ಮಷಿನಿನವಳ ಭಾಷೆ

"ಯಾವ ಪರಭಾಷೆ ಸುಲಭ, ಅಜ್ಜಿ? ಕಾಲೇಜಿನ ಫಾರ್ಮಲ್ಲಿ ಒಂದನ್ನ ಬರೀಬೇಕು," ಮೊಮ್ಮಗಳು ಪೆನ್ನು ಕಚ್ಚುತ್ತ ಕೇಳಿದಳು.

ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೊಲಿದಿದ್ದ ಅಜ್ಜಿ ಗುಂಡಿಯ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. "ಪಕ್ಕದಲ್ಲಿ ಕೂತೋರದ್ದು ಸುಲಭ ಕಣೆ. ನನ್ನ ಪಕ್ಕದ ಮಷಿನಿನವಳು ಹೊರದೇಶದೋಳು. ಮೂರೇ ತಿಂಗಳಲ್ಲಿ ಕಲಿಸಿಬಿಟ್ಟಳು."

"ಏನಾದ್ರೂ ಮಾತಾಡು, ನೋಡೋಣ."

ಅಜ್ಜಿ ಬಾಯಿ ತೆರೆದದ್ದೇ ತಡ, ಕಿಟಕಿಯಲ್ಲಿದ್ದ ಬೆಕ್ಕು ಹೆದರಿ ಹಾರಿತು.

"ಯಾಕೆ ಕಿರುಚ್ತೀಯ? ಬೈದಿದ್ದಾ?"

"ಇಲ್ವೇ. ಸುಸ್ತಾಯ್ತಾ ಅಂತ ಕೇಳಿದ್ದು."

"ಹಾಗಾದ್ರೆ ಮೆಲ್ಲಗೆ ಕೇಳು."

ಅಜ್ಜಿ ದನಿ ತಗ್ಗಿಸಿದಳು. ಮಾತು ಬಾಯಿಗೇ ಬರಲಿಲ್ಲ. ನೂರು ಮಷಿನುಗಳ ಗದ್ದಲದಲ್ಲಿ ಕಲಿತ ಭಾಷೆ ಅದು. ಕೆಲಸ ಮುಗಿದ ಗಂಟೆ ಹೊಡೆದರೆ ಗೆಳತಿಯದೊಂದು ಬಸ್ಸು, ಅಜ್ಜಿಯದೊಂದು. ಆ ಗೆಳತಿಯ ಮೆಲುದನಿಯನ್ನು ಅಜ್ಜಿ ಒಮ್ಮೆಯೂ ಕೇಳಿರಲಿಲ್ಲ.