ಕಸುವಿಲ್ಲದ ಕೋವಿ

ಹಾರ್ಲನ್ ಬೈರಿಗೆಗೆ ಎಣ್ಣೆ ಸವರಿ, ಬಿಚ್ಚಿಟ್ಟಿದ್ದ ಪುಟ್ಟ ಬೇಟೆಕೋವಿಯ ನಳಿಗೆಯೊಳಕ್ಕೆ ಇನ್ನೇನು ತೂರಿಸಬೇಕು, ಅಷ್ಟರಲ್ಲಿ ಎಮರಿ ಅದರ ಬಾಯಿಗೆ ಅಂಗೈ ಅಡ್ಡ ಹಿಡಿದ.

“ತಡಿ. ಕೊರೆದ ಮೇಲೆ ಏನಾಗುತ್ತೆ, ಇನ್ನೊಂದ್ಸಲ ಹೇಳು.”

“ಎಷ್ಟು ಸಲ ಹೇಳ್ಲಿ ಭಾವ? ತೋಟಾ ಕೂರೋ ಜಾಗ ಅಗಲ ಆಗುತ್ತೆ, ಮದ್ದು ಜಾಸ್ತಿ ಹಿಡಿಯುತ್ತೆ. ಗುಂಡು ಇನ್ನೂರು ಗಜ ಗೆರೆ ಎಳೆದ ಹಾಗೆ ಹೋಗುತ್ತೆ. ಇನ್ಮೇಲೆ ಗುರಿ ತಪ್ಪಿದ್ರೆ ಅದು ಕೋವಿ ತಪ್ಪಲ್ಲ.”

ಕಿಟಕಿ ಪಕ್ಕ ಕಾಲುಚೀಲ ಹೆಣೆಯುತ್ತ ಕೂತಿದ್ದ ಲಿಯೋಟಾ ತಲೆ ಎತ್ತಲಿಲ್ಲ. “ಕೊರೆದುಬಿಡೋ ತಮ್ಮ. ತೋಟದಲ್ಲಿ ಬೀನ್ಸ್ ಬಳ್ಳಿ ಒಂದೂ ಉಳಿದಿಲ್ಲ. ನಿಮ್ಮ ಭಾವ ಕೋವಿ ಹಿಡಿದು ಬಂದ್ರೆ ಬಳ್ಳಿ ತಿನ್ನೋ ಆ ಹೆಗ್ಗಣದಂಥ ವುಡ್‌ಚಕ್ ಈಗೀಗ ಬಿಲದಿಂದ ಮಕ್ಕಳನ್ನೂ ಕರ್ಕೊಂಡು ಬರುತ್ತೆ, ನೋಡೋಕೆ.”

ಎಮರಿ ಅಂಗೈ ತೆಗೆಯಲಿಲ್ಲ. ಭಾನುವಾರ ಚರ್ಚು ಮುಗಿದ ಮೇಲೆ ಜೊತೆಗೆ ಕಾಫಿ ಕುಡಿಯುವ ಗೆಳೆಯರಿಗೆ ಅವನು ವರ್ಷಗಳಿಂದ ಹೇಳಿಕೊಂಡು ಬಂದಿದ್ದು ಒಂದೇ ಮಾತು: ಗುರಿ ಸರಿಯಾಗೇ ಇತ್ತು, ಕೋವಿಗೆ ಕಸುವಿಲ್ಲ. ಪಾಪ, ಒಳ್ಳೆಯ ಗುರಿಕಾರ ಎಂದು ಅವರೂ ತಲೆಯಾಡಿಸುತ್ತಿದ್ದರು. ಈಗ ಬೈರಿಗೆ ನಾಲ್ಕು ಸುತ್ತು ತಿರುಗಿದರೆ ಉಕ್ಕಿನ ಪುಡಿಯ ಜೊತೆ ಆ ಮಾತೂ ಉದುರಿ ಹೋಗುತ್ತದೆ.

“ಬೇಡ ಕಣೋ,” ಎಂದ ಗಂಟಲು ಸರಿಮಾಡಿಕೊಂಡು. “ಎಷ್ಟಾದ್ರೂ ನಮ್ಮಪ್ಪನ ಕೋವಿ. ಅದರ ಮೈ ಕೊರೆಸೋಕೆ ಮನಸ್ಸು ಒಪ್ತಿಲ್ಲ.”

ಲಿಯೋಟಾಳ ಸೂಜಿಗಳು ನಿಂತವು. “ನಾವಿಬ್ರೂ ಹೋಗಿ ಅಂಗಡೀಲಿ ಕೊಂಡಿದ್ದಲ್ವೇನ್ರಿ ಅದು? ಮಾವ ತೀರಿಕೊಂಡ ಎಷ್ಟೋ ವರ್ಷಕ್ಕೆ?”

ಎಮರಿ ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದ. “ಇದ್ದಿದ್ರೆ ಅಪ್ಪನೂ ಇದನ್ನೇ ಕೊಳ್ತಿದ್ದ.”